ಜೋಮು ಹಿಡಿದ ನಾಲಿಗೆ

"ನಾನು ಯಾರನ್ನೂ ಕೊಂದಿಲ್ಲ ಡಾಕ್ಟ್ರೇ. ಅಷ್ಟು ಸಾಬೀತು ಮಾಡಿಕೊಡಿ, ಸಾಕು."

ಬಾಗಿಲಲ್ಲೇ ನಿಂತು ಹೀಗೆಂದವಳು ಮೂಳೆ ವಾರ್ಡಿನ ನರ್ಸ್. ಭಾವ ಕುರ್ಚಿ ಎಳೆದು ಕೂರಿಸಿದರು. ನನ್ನ ಭಾವ ಆಸ್ಪತ್ರೆಯಲ್ಲಿ ಆಯುಷ್ಯವೆಲ್ಲ ಅರಿವಳಿಕೆ ಕೊಟ್ಟು ನಿವೃತ್ತರಾದವರು. ಜನ ಕರೆಯುವುದು ಮಂಪರು ಡಾಕ್ಟರು ಎಂದು. ಆಸ್ಪತ್ರೆಯಲ್ಲಿ ಬಿಡಿಸಲಾಗದ ಗಂಟು ಬಿದ್ದಾಗಲೆಲ್ಲ ಹಿಂದಿನ ಬೀದಿಯ ನಮ್ಮ ಮನೆಯ ಬಾಗಿಲು ತಟ್ಟುತ್ತಾರೆ. ಅಕ್ಕ ಹೋದ ಮೇಲೆ ಅವರಿಗೆ ಅಡುಗೆ ಮಾಡಿ ಹಾಕಿಕೊಂಡು, ಬೈಸಿಕೊಂಡು, ಬಾಲದಂತೆ ಹಿಂದೆ ತಿರುಗುವವನು ನಾನು.

ಕತೆ ಇಷ್ಟು. ವಯಸ್ಸಾದ ಟೈಲರ್ ಒಬ್ಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಸಲೀಸಾಗಿ ಆಗಿತ್ತು. ಆಮೇಲೆ ನಾಡಿ ಏರುತ್ತಲೇ ಹೋಯಿತು. ಒಂದು ಬೆಳಿಗ್ಗೆ ನರ್ಸ್ ನೋವಿನ ಇಂಜೆಕ್ಷನ್ ಕೊಟ್ಟು ಆಚೆ ಹೋದಳೋ ಇಲ್ಲವೋ, ಎದೆ ಹಿಡಿದುಕೊಂಡರು. ಅಷ್ಟೇ.

"ಅವರಿಗೆ ಎದೆಬಡಿತ ತಗ್ಗಿಸೋ ಮಾತ್ರೆ ಇತ್ತು, ಬೀಟಾ ಬ್ಲಾಕರ್," ಎಂದಳು ನರ್ಸ್. "ಕೈ ನಡುಗುತ್ತೆ ಅಂತ ಮೊದಲಿಂದ್ಲೂ ತಗೊಳ್ತಿದ್ರಂತೆ. ಆಂಬುಲೆನ್ಸಿನಲ್ಲಿ ಒಬ್ಬರೇ ಬಂದು ಸೇರಿದಾಗ ಹೇಳಿದ್ರು. ಅದನ್ನೇ ಮುಂದುವರಿಸಿ ಅಂದ್ರು ಡಾಕ್ಟ್ರು. ಆಸ್ಪತ್ರೆಯ ಗುಲಾಬಿ ಮಾತ್ರೇನ ನಾನು ತಪ್ಪದೆ ಕೊಟ್ಟಿದೀನಿ. ಈಗ ರಕ್ತದಲ್ಲಿ ಆ ಔಷಧಿ ಇಲ್ವೇ ಇಲ್ಲ, ನೀನು ಕೊಟ್ಟೇ ಇಲ್ಲ ಅಂತಾರೆ ಆಸ್ಪತ್ರೆಯವರು. ದಿನಾ ಬೆಳಿಗ್ಗೆ ಪಕ್ಕದಲ್ಲೇ ಕೂತಿರ್ತಿದ್ದ ಮಗಳು ನೋಡಿದ್ರೆ, ಅದೇ ಔಷಧೀನ ಸೂಜೀಲಿ ಚುಚ್ಚಿ ಅಪ್ಪನ್ನ ಕೊಂದೆ ಅಂತ ಪೊಲೀಸರಿಗೆ ದೂರು ಕೊಟ್ಟಿದಾಳೆ. ಇವತ್ತೋ ನಾಳೆಯೋ ನನ್ನನ್ನ ಹಿಡ್ಕೊಂಡು ಹೋಗ್ತಾರೆ."

ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು.

"ನುಂಗಿದ್ದನ್ನ ಕಣ್ಣಾರೆ ನೋಡಿದೀಯಾ?" ಭಾವ ಕೇಳಿದರು.

"ನೋಡಿದೀನಿ. ಬಾಯಿಗೆ ಹಾಕ್ಕೊಂಡು, ನೀರು ಕುಡಿದು, ನನ್ನ ಜೊತೆ ತಮಾಷೆ ಮಾಡ್ತಿದ್ರು. ನಿನ್ನ ಯೂನಿಫಾರ್ಮ್ ಯಾರು ಹೊಲಿದದ್ದು, ಭುಜ ಕೆಡಿಸಿದ್ದಾನೆ ಅಂತ."

"ಕೈ ನಡುಗ್ತಿತ್ತಾ?"

"ದಿನೇ ದಿನೇ ಜಾಸ್ತಿ. ಲೋಟ ಚೆಲ್ಲಿಕೊಳ್ಳೋರು. ಭಯಕ್ಕೆ ಇರಬೇಕು ಅಂದ್ಕೊಂಡೆ."

"ಬೇರೆ ಏನಾದ್ರೂ ಅಂದ್ರಾ? ಸಣ್ಣದಾದ್ರೂ ಸರಿ."

ಅವಳು ಯೋಚಿಸಿದಳು. "ಊಟ ರುಚಿಸಲ್ಲ ಅನ್ನೋರು. ಬೆಳಿಗ್ಗೆ ಹೊತ್ತು ನಾಲಿಗೆ, ಒಂದು ಕಡೆ ಕೆನ್ನೆ ಜೋಮು ಹಿಡಿಯುತ್ತೆ, ಹಲ್ಲು ಕೀಳೋ ಡಾಕ್ಟ್ರು ಸೂಜಿ ಹಾಕಿದ ಹಾಗೆ ಅಂತ."

ಭಾವ ತಟ್ಟನೆ ಎದ್ದು ನಿಂತರು. ಅವರ ಮುಖದಲ್ಲಿ ಗೆಲುವು ಕಾಣಬೇಕಿತ್ತು. ಕಾಣಲಿಲ್ಲ.

ಟೈಲರ್ ಅಂಗಡಿಯಲ್ಲಿ ಮಗಳೊಬ್ಬಳೇ ಇದ್ದಳು. ಅಪ್ಪ ಅರ್ಧಕ್ಕೆ ಬಿಟ್ಟಿದ್ದ ಕೋಟನ್ನು ಗೊಂಬೆಗೆ ತೊಡಿಸಿ ಗುಂಡುಪಿನ್ನು ಚುಚ್ಚುತ್ತಿದ್ದಳು. ಅತ್ತೂ ಅತ್ತೂ ಕಣ್ಣು ಊದಿತ್ತು. ಭಾವ ಬಂದ ಕಾರಣ ಹೇಳಿದ್ದೇ ತಡ, ಉರಿದು ಬಿದ್ದಳು.

"ಅವಳ ಪರ ಮಾತಾಡೋಕೆ ಬಂದ್ರಾ? ನಮ್ಮ ದೊಡ್ಡಪ್ಪನ್ನೂ ಅದೇ ಆಸ್ಪತ್ರೇಲಿ ಕಳ್ಕೊಂಡ್ವಿ. ಅವರಿಗೆ ಅದುವರೆಗೂ ಯಾವ ಮಾತ್ರೇನೂ ಇರಲಿಲ್ಲ. ಆಪರೇಷನ್ ದಿನ ಇದ್ದಕ್ಕಿದ್ದಂತೆ ಆ ಗುಲಾಬಿ ಮಾತ್ರೆ ಶುರು ಮಾಡಿದ್ರು, ಅದೂ ಜೋರು ಡೋಸು. ರಕ್ತದೊತ್ತಡ ಇಳಿದು ಪಾರ್ಶ್ವವಾಯು ಹೊಡೀತು. ಆಮೇಲೆ ಒಂದು ಮಾತೂ ಆಡದೆ ಹೋದರು. ಯಾಕೆ ಅಂತ ಕೇಳಿದ್ರೆ ದೊಡ್ಡ ಸರ್ಜನ್ನು 'ಹಣೆಬರಹ' ಅಂದುಬಿಟ್ರು."

ಇಷ್ಟೂ ಮಾತು ಒಂದಕ್ಷರ ತೊದಲದೆ ಆಡಿದಳು. ಮುಗಿದ ಮೇಲೆ ಕೆನ್ನೆಯ ಸಂದಿಯಿಂದ ಒಂದೊಂದೇ ಗುಂಡುಪಿನ್ನು ತೆಗೆದು ಕೋಟಿಗೆ ಚುಚ್ಚಿದಳು.

"ನುಂಗಿಬಿಟ್ಟರೆ ಏನಮ್ಮಾ ಗತಿ?" ಎಂದೆ.

"ಇದೇ ಬಾಯಲ್ಲಿ ಟೀ ಕುಡೀತೀವಿ," ಎಂದಳು. "ಚಿಕ್ಕಂದಿನಲ್ಲೇ ಅಪ್ಪ ಕಲಿಸಿದ್ದು. ಅಪ್ಪನಷ್ಟು ಚೆನ್ನಾಗಿ ನನಗೆ ಬರಲ್ಲ."

"ಅಪ್ಪ ಮನೇಲಿ ಯಾವುದಾದ್ರೂ ಮಾತ್ರೆ ತಗೊಳ್ತಿದ್ರಾ?" ಭಾವನ ಧ್ವನಿ ತೀರಾ ಮೆಲ್ಲಗಿತ್ತು.

"ಕೈ ನಡುಕದ ಮಾತ್ರೆ ಒಂದಿತ್ತು. ಗಿರಾಕಿಗಳಿಗೆ ಗೊತ್ತಾಗಬಾರದು ಅಂತ ಮಿಷನ್ನಿನ ಡ್ರಾಯರಲ್ಲಿ ಇಡ್ತಿದ್ರು." ತೆಗೆದು ತೋರಿಸಿದಳು. ಬಿಳಿ ಮಾತ್ರೆ. ಭಾವ ಸ್ಟ್ರಿಪ್ಪಿನ ಬೆನ್ನಿನ ಮೇಲಿದ್ದ ಹೆಸರು ಓದಿ ಅದನ್ನು ಅಲ್ಲೇ ಇಟ್ಟರು. ದಾರಿಯುದ್ದಕ್ಕೂ ನನ್ನ ಮೇಲೆ ರೇಗಲಿಲ್ಲ. ರೇಗದಿದ್ದರೆ ನನಗೆ ಇನ್ನೂ ಭಯ.

"ಹೇಳದೇ ಇದ್ದರಾಯ್ತು ಭಾವ," ಎಂದೆ ಕೊನೆಗೆ. ನನಗೂ ಅಷ್ಟಿಷ್ಟು ಹೊಳೆದಿತ್ತು.

"ಹೇಳದಿದ್ರೆ ಆ ನರ್ಸ್ ಜೈಲಿಗೆ ಹೋಗ್ತಾಳೆ ಕಣಯ್ಯಾ."

ಮರುದಿನ ಆಸ್ಪತ್ರೆಯ ಕಚೇರಿ ಕೋಣೆಯಲ್ಲಿ ಎಲ್ಲರೂ ಸೇರಿದರು. ದೊಡ್ಡ ಸರ್ಜನ್ ಗಡಿಯಾರ ನೋಡುತ್ತಿದ್ದರು. ನರ್ಸ್ ಗೋಡೆಗೆ ಅಂಟಿ ನಿಂತಿದ್ದಳು. ಪೊಲೀಸ್ ಅಧಿಕಾರಿ ಬಾಗಿಲ ಬಳಿ ಕೂತಿದ್ದರು. ಟೈಲರ್ ಮಗಳು ಭಾವನ ಎದುರಿಗಿದ್ದಳು.

"ನರ್ಸ್ ಮಾತ್ರೆ ಕೊಟ್ಟಿದ್ದು ನಿಜ," ಭಾವ ಶುರುಮಾಡಿದರು. "ಈ ಮಾತ್ರೆ ನುಂಗಿದ್ರೆ ನಾಲಿಗೆಗೆ ಏನೂ ಆಗಲ್ಲ. ಬಾಯಲ್ಲೇ ಇಟ್ಕೊಂಡು ಕರಗೋಕೆ ಬಿಟ್ರೆ ಕೆನ್ನೆ ಜೋಮು ಹಿಡಿಯುತ್ತೆ. ಅಂದ್ರೆ ಅದು ಬಾಯಿಗೆ ಹೋಯ್ತು, ಹೊಟ್ಟೆಗೆ ಹೋಗಲಿಲ್ಲ. ರಕ್ತದಲ್ಲಿ ಸಿಗದೇ ಇದ್ದಿದ್ದು, ಕೈ ಮತ್ತೆ ನಡುಗಿದ್ದು ಎರಡೂ ಅದಕ್ಕೇ."

"ನೀರು ಕುಡಿದು ಮಾತಾಡ್ತಿದ್ರು ಅಂತಾಳಲ್ಲ?" ಸರ್ಜನ್ ಕೇಳಿದರು.

"ಬಾಯಿ ತುಂಬ ಗುಂಡುಪಿನ್ನು ಇಟ್ಕೊಂಡು ಗಿರಾಕಿ ಹತ್ರ ಹರಟೆ ಹೊಡೆದ ಮನುಷ್ಯ ಸ್ವಾಮಿ ಅವರು. ಒಂದು ಮಾತ್ರೆ ಯಾವ ಲೆಕ್ಕ? ಹಾಗಾದ್ರೆ ನುಂಗಬೇಡಿ ಅಂತ ಅವರಿಗೆ ಹೇಳಿದ್ಯಾರು? ದೂರು ನೋಡಿ. ಆ ಔಷಧಿ ವಿಷ ಅಂತ ನಂಬಿದವರು, ಎಲ್ಲರೆದುರಿಗೆ ದಿನಾ ಕೊಡ್ತಿದ್ದ ಮಾತ್ರೇನ ಮೊದಲು ದೂರಬೇಕಿತ್ತು. ದೂರಿದ್ದು ಸೂಜೀನ ಮಾತ್ರ. ಮಾತ್ರೆ ಒಳಗೆ ಹೋಗ್ತಿಲ್ಲ ಅಂತ ಗೊತ್ತಿದ್ದವರು ಮಾತ್ರ ಹಾಗೆ ದೂರ್ತಾರೆ."

ಮಗಳು ತಲೆ ಎತ್ತಿದಳು. "ಹೌದು, ನರ್ಸ್ ಆಚೆ ಹೋದ ಮೇಲೆ ನಾನೇ ಉಗುಳಿಸ್ತಿದ್ದೆ. ಅಪ್ಪನ್ನ ಉಳಿಸ್ಕೊಳ್ಳೋಕೆ. ದೊಡ್ಡಪ್ಪನ್ನ ಕೊಂದ ಮಾತ್ರೆ ತಾನೆ ಅದು?"

"ಅದೇ ಮಾತ್ರೆ ಅಮ್ಮಾ. ನಿನ್ನ ಅನುಮಾನ ಸರಿ ಇತ್ತು," ಎಂದರು ಭಾವ. "ಅಭ್ಯಾಸವಿಲ್ಲದವರಿಗೆ ಆಪರೇಷನ್ ದಿನ ಜೋರಾಗಿ ಶುರು ಮಾಡಿದ್ರೆ ಪ್ರಾಣಕ್ಕೇ ಬರಬಹುದು. ಆದ್ರೆ ವರ್ಷಗಟ್ಟಲೆ ತಗೊಂಡೋರಿಗೆ ತಟ್ಟನೆ ನಿಲ್ಲಿಸಿದ್ರೆ, ತಡೆದಿಟ್ಟಿದ್ದ ಬಡಿತ ಒಮ್ಮೆಲೇ ನುಗ್ಗುತ್ತೆ. ಆಪರೇಷನ್ನಿನಿಂದ ಬಳಲಿದ ಹೃದಯ ಅದನ್ನ ತಡ್ಕೊಳ್ಳಲ್ಲ. ನಿಮ್ಮಪ್ಪನ ಕೈ ಮಾತ್ರೇನೂ ಆ ಗುಲಾಬಿ ಮಾತ್ರೇನೂ ಒಂದೇ ಔಷಧಿ. ಕಂಪನಿ ಬೇರೆ, ಬಣ್ಣ ಬೇರೆ. ಪಾಪ, ಅದು ಅವರಿಗೂ ಗೊತ್ತಿರಲಿಲ್ಲ."

ನಂತರ ಸರ್ಜನ್ ಕಡೆ ತಿರುಗಿದರು. "ಅಣ್ಣ ಹೋದಾಗ ಹಣೆಬರಹ ಅನ್ನೋ ಬದಲು ಇಷ್ಟು ಮಾತು ಬಿಡಿಸಿ ಹೇಳಿದ್ದಿದ್ರೆ, ತಮ್ಮ ಇವತ್ತು ಅಂಗಡೀಲಿ ಇರ್ತಿದ್ದರು." ಪೊಲೀಸ್ ಅಧಿಕಾರಿ ನರ್ಸ್‌ಗೆ, ನೀವು ಹೋಗಬಹುದು ಎಂದರು. ಅವಳು ಹೋಗಲಿಲ್ಲ. ಹಗುರವಾಗಬೇಕಿದ್ದ ಆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

ಮಗಳು ಮಾತ್ರ ಅಳಲಿಲ್ಲ. "ಕಡೇ ದಿನ ಬೆಳಿಗ್ಗೆ ಅಪ್ಪ ಕೇಳಿದ್ರು," ಎಂದಳು. "'ಎದೆ ತುಂಬಾ ಹೊಡ್ಕೊಳ್ತಿದೆ ಮಗಳೇ, ಇವತ್ತೊಂದಿನ ನುಂಗ್ಲಾ' ಅಂತ. ನಾನು ಅವರ ಬಾಯಿ ಕೆಳಗೆ ಕೈ ಒಡ್ಡಿದೆ. ಮರುಮಾತಾಡದೆ ಉಗುಳಿದ್ರು. ಅವತ್ತು ನುಂಗಿದ್ದಿದ್ರೆ ಉಳೀತಿದ್ರಾ ಡಾಕ್ಟ್ರೇ?"

ಒಂದು ಸುಳ್ಳು ಹೇಳಿಬಿಡಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಭಾವನಿಗೆ ಸುಳ್ಳು ಬರುವುದಿಲ್ಲ.

"ಗೊತ್ತಿಲ್ಲಮ್ಮಾ," ಎಂದರು.

"ಆ ಗೊತ್ತಿಲ್ಲ ಅನ್ನೋದನ್ನ ಇಟ್ಕೊಂಡು ನಾನು ಹೇಗೆ ಬದುಕ್ಲಿ?"

ಯಾವ ಗಂಟನ್ನಾದರೂ ಬಿಡಿಸುತ್ತಿದ್ದ ನನ್ನ ಭಾವ, ತಮ್ಮ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತರು.