ದಿವಾನರು ಮಗಳಿಗೆ ಬರೆದ ಕಾಗದ

ಕೌಶಿಕನ ಸಂಸ್ಕಾರ ಮುಗಿದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ನಮಿತಾ ಎರಡನ್ನೂ ಕಾಯಿಸಿದಳು. ಅಷ್ಟರಲ್ಲಿ ತಾಂಬರಂನಿಂದ ಗುರುಚರಣರ ಫೋನು. ಅವಳ ಗಂಡ ಕೌಶಿಕ್ ಓದಲು ತಂದಿದ್ದ ದಿವಾನರ ಕಾಗದ ಜೋಪಾನವಾಗಿದೆಯೇ ಎಂದು ಕೇಳಿದರು. ಆ ಕಾಗದಗಳ ಪುಸ್ತಕದ ಉಳಿದ ಕೆಲಸ ಕೌಶಿಕನ ಸಹೋದ್ಯೋಗಿ ಮಧುಸೂದನ್ ಮುಗಿಸುತ್ತಾನೆ, ಪುಸ್ತಕ ಮಧುಸೂದನನ ಹೆಸರಲ್ಲೇ ಬರುತ್ತದೆ ಎಂದೂ ಹೇಳಿದರು.

"ಅವಸರ ಇಲ್ಲಮ್ಮ. ಸೂತಕದ ಮನೆಯಿಂದ ಈಗ ಬೇಡ. ಹದಿಮೂರು ಕಳೀಲಿ."

"ಆಗಲಿ ಮಾಮಾ."

ಗುರುಚರಣರ ಪೂರ್ವಜರೊಬ್ಬರು ಇನ್ನೂರು ಚಿಲ್ಲರೆ ವರ್ಷದ ಹಿಂದೆ ಸಣ್ಣದೊಂದು ಪಾಳೆಯಪಟ್ಟಿನ ದಿವಾನರು. ಮುಪ್ಪಿನಲ್ಲಿ ಗ್ರಹಣ ಗಣಿಸುತ್ತ, ದೂರದ ಮಗಳಿಗೆ ಕಾಗದ ಬರೆಯುತ್ತ ಕಾಲ ಕಳೆದವರು. ಆ ಕೂಡಿಸಿ ಬರೆದ ಮೋಡಿ ಅಕ್ಷರವನ್ನು ಆರು ವರ್ಷ ಕೂತು ಬಿಡಿಸಿದವನು ಕೌಶಿಕ್. ಹೆಣದ ಮುಂದೆ ಎಲ್ಲರಿಗಿಂತ ಜೋರಾಗಿ ಅತ್ತವನು ಮಧುಸೂದನ್. ಯಾಕೆಂದು ಈಗ ತಿಳಿಯಿತು.

ಸೂತಕವೇ ಅವಳಿಗೆ ಅವಕಾಶ ಕೊಟ್ಟಿತು. ಹದಿಮೂರು ಕಳೆಯುವವರೆಗೆ ಯಾರೂ ಕಾಗದ ಕೇಳುವುದಿಲ್ಲ. ಬಾಗಿಲು ಹಾಕಿಕೊಂಡರೆ ಯಾರೂ ತಟ್ಟುವುದಿಲ್ಲ.

ಅದೇ ಕಾಲದ ಖಾಲಿ ಹಾಳೆ ಗಂಡನ ಕಪಾಟಿನಲ್ಲಿತ್ತು. ದೀಪದ ಕಾಡಿಗೆಗೆ ಗೋಂದು ಕಲಸಿ ಮಸಿ ಮಾಡಿದಳು. ಗಾಜಿನ ಮೇಜಿನ ಕೆಳಗೆ ದೀಪವಿಟ್ಟು, ಅಸಲಿನ ಮೇಲೆ ಆ ಹಾಳೆ ಹರಡಿ, ಒಂದೊಂದೇ ಅಕ್ಷರ ಇಳಿಸಿದಳು. ಹುಳು ಕೊರೆದ ತೂತುಗಳನ್ನು ಕಾಯಿಸಿದ ಸೂಜಿಯಿಂದ ಮಾಡಿದಳು. ಕಾಗದದಲ್ಲಿ ದಿವಾನರು ಗಣಿಸಿ ಬರೆದಿದ್ದ ಗ್ರಹಣದ ಹೊತ್ತನ್ನು ಮಾತ್ರ ಒಂದು ಗಳಿಗೆ ಮುಂದೆ ಹಾಕಿದಳು. ಈ ಕಾಗದವನ್ನು ಕೌಶಿಕ್ ಇನ್ನೂ ಯಾರಿಗೂ ಓದಿ ಹೇಳಿರಲಿಲ್ಲ. ಮಧುಸೂದನ್ ತಪ್ಪನ್ನೇ ಅಚ್ಚು ಹಾಕಿಸಲಿ, ನಾಲ್ಕು ಜನ ನಗಲಿ. ಆಮೇಲೆ ಅಸಲು ಕಾಗದ, ಗಂಡನ ಟಿಪ್ಪಣಿಯೊಂದಿಗೆ, ಗಂಡನ ಹೆಸರಿನಲ್ಲಿ ಹೊರಬರುತ್ತದೆ.

ಹದಿನಾಲ್ಕನೆಯ ದಿನ ನಕಲನ್ನು ತೆಗೆದುಕೊಂಡು, ಲೋಕಲ್ ಟ್ರೈನು ಹಿಡಿದು ತಾಂಬರಕ್ಕೆ ಹೋದಳು. ಗುರುಚರಣರ ಮನೆಯಲ್ಲಿ ಮಧುಸೂದನ್ ಮೊದಲೇ ಬಂದು ಕೂತಿದ್ದ. ಭೂತಗನ್ನಡಿ ಹಿಡಿದು ಕಾಫಿ ಆರುವಷ್ಟು ಹೊತ್ತು ನೋಡಿದ. ಅವನು ಒಂದೊಂದು ತೂತಿನ ಬಳಿ ನಿಂತಾಗಲೂ ಅವಳು ಅವನ ಹುಬ್ಬನ್ನೇ ನೋಡುತ್ತಿದ್ದಳು.

"ಚೆನ್ನಾಗಿ ಇಟ್ಟಿದ್ದೀರಿ, ಮೇಡಂ," ಎಂದ.

ಗುರುಚರಣರು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸವರಿದರು. ಮತ್ತೊಮ್ಮೆ ಸವರಿದರು. "ಗೆರೆ ಎಲ್ಲಮ್ಮ?" ಎಂದು ಮೆಲ್ಲಗೆ ಕೇಳಿದರು. ಕಡೆಗಾಲದಲ್ಲಿ ದಿವಾನರಿಗೆ ಕಣ್ಣು ಮಂಜಾಗಿತ್ತಂತೆ. ದಾರ ಬಿಗಿದ ಹಲಗೆಯ ಮೇಲೆ ಹಾಳೆ ಒತ್ತಿ, ಮೂಡಿದ ಗೆರೆಯನ್ನು ಬೆರಳಲ್ಲಿ ತಡವಿಕೊಂಡೇ ಬರೆಯುತ್ತಿದ್ದರಂತೆ. ಆ ಗೆರೆ ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದರೆ ಮಾತ್ರ ಗೊತ್ತಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ಕಲಿತಂತೆ, ಹಳೆಯ ಕಾಗದ ಕೆಡಬಾರದೆಂದು, ಅಷ್ಟೂ ದಿನ ನಮಿತಾ ಬಟ್ಟೆಯ ಕೈಗವಸು ತೊಟ್ಟೇ ಅಸಲನ್ನು ಮುಟ್ಟಿದ್ದಳು.