ಕಪ್ಪೆವಿಷದ ಎಂಟು ಚುಕ್ಕೆ

ಬಿಸಿಲು ಏರಿದ ಮೇಲೆ ಅತ್ತೆಯ ಮಗ ಬಿನಾನ್ ಕಾಡಿನ ಹೊಂಡದಿಂದ ಬರಿಗೈಯಲ್ಲಿ ಬಂದ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮತ್ಸೇಸ್ ಬುಡಕಟ್ಟಿನಲ್ಲಿ ಮರಗಪ್ಪೆ ಹಿಡಿದು ತಂದು, ಅದರ ವಿಷವನ್ನು ತೋಳಿಗೆ ಹಾಕಿಸಿಕೊಂಡು ತಡೆದುಕೊಂಡವನೇ ಬೇಟೆಗಾರ. ಅವನಿಗೇ ಹೆಣ್ಣು. ನನ್ನನ್ನು ಪಡೆಯಲು ಅಪ್ಪ ಅವನಿಗೆ ಕೊಟ್ಟ ಕೊನೆಯ ಅವಕಾಶ ಇದು.

"ಎಲ್ಲೋ ಕಪ್ಪೆ? ನಿನ್ನ ಮುಖ ನೋಡಿ ಓಡಿಹೋಯ್ತಾ?" ಅಣ್ಣ ತುಮಿ ನಕ್ಕ.

"ಜೋಡಿ ಸಿಕ್ತು ಭಾವ, ನೀರಿನ ಮೇಲೆ ಬಾಗಿದ ಕೊಂಬೇಲಿ. ಗಂಡು ಬೆನ್ನೇರಿ ಕೂತಿತ್ತು. ಎರಡೂ ಹಿಂಗಾಲಲ್ಲಿ ಎಲೆ ಮಡಿಸ್ತಾ ಒಳಗೆ ಮೊಟ್ಟೆ ಇಡ್ತಿದ್ವು. ಮರಿ ಹೊರಗೆ ಬಂದ್ರೆ ನೇರ ನೀರಿಗೇ ಬೀಳ್ಬೇಕು, ಹಾಗೆ." ಬಿನಾನ್ ಓರೆಗಣ್ಣಲ್ಲಿ ನನ್ನನ್ನು ನೋಡಿದ. "ಸಂಸಾರ ಹೂಡ್ತಿರೋ ಜೋಡೀನ ಹೇಗೆ ಕಿತ್ತು ತರ್ಲಿ?"

"ಥೂ! ಕಪ್ಪೆಗೆ ಕರಗೋನು ಹಂದಿಗೆ ಬಾಣ ಬಿಡ್ತಾನಾ?" ಅಪ್ಪ ಉಗಿದ.

ನನ್ನಿಂದ ತಪ್ಪಿಸಿಕೊಳ್ಳಲು ನೆಪ ಹೂಡಿದ್ದಾನೆ ಎಂದು ನಾನೂ ನಂಬಿಬಿಟ್ಟೆ, ಪೆದ್ದಿ! ಕಪ್ಪೆ ತರದಿದ್ದರೂ ವಿಷವನ್ನಾದರೂ ತಡೆದುಕೊಂಡು ತೋರಿಸಲಿ ಎಂದು, ಕಡ್ಡಿಗೆ ಸವರಿ ಒಣಗಿಸಿಟ್ಟಿದ್ದ ಹಳೆಯ ವಿಷವನ್ನು ಉಗುಳಲ್ಲಿ ಕಲಸಿದೆ; ಅಪ್ಪ ಬೇಡ ಎನ್ನಲಿಲ್ಲ. ವಿಷ ಒಳಗಿಳಿಯಲು ತೋಳಿನ ಮೇಲೆ ಚುಕ್ಕೆ ಸುಡಬೇಕು; ಅದಕ್ಕೆ ಬಳ್ಳಿಯ ಕೊಳ್ಳಿ ಹಿಡಿದೆ.

"ಎಷ್ಟು ಚುಕ್ಕೆ?" ಬಿನಾನ್ ಕೇಳಿದ.

"ನಿಂಗೆ ನಾನೆಷ್ಟು ಬೇಕೋ ಅಷ್ಟು."

"ಹಾಗಾದ್ರೆ ತೋಳು ಸಾಲಲ್ಲ ಕಣೇ."

ಎರಡೋ ಮೂರೋ ಸುಡುವುದು ವಾಡಿಕೆ. ಸಿಟ್ಟಿನಲ್ಲಿ ಎಂಟು ಸುಟ್ಟೆ. ಚರ್ಮ ಚುರ್ರೆಂದರೂ ಅವನ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಎಂಟಕ್ಕೂ ವಿಷ ಒತ್ತಿದೆ.

ನೋಡುನೋಡುತ್ತಲೇ ಅವನ ಮುಖ ಊದಿತು. ಹಸಿರು ಪಿತ್ತ ಕಾರಿದ, ಮತ್ತೆ ಕಾರಿದ, ಕೊನೆಗೆ ರಕ್ತ ಬಂತು. ನೆಲಕ್ಕೆ ಬಿದ್ದು ಕೈಕಾಲು ಬಡಿಯತೊಡಗಿದ. ತುಮಿಯ ನಗು ನಿಂತಿತು.

ನೀರಿನ ಸೋರೆಬುರುಡೆ ಎತ್ತಿಕೊಂಡು ಓಡಿದೆ. ಅಪ್ಪ ಕೂದಲು ಹಿಡಿದೆಳೆದ. "ತೊಳೆದ್ರೆ ಅವನು ಸೋತ ಹಾಗೆ. ಮದುವೆ ಇಲ್ಲ, ತಿಳ್ಕೋ!"

"ಸಾಯ್ತಿದಾನೆ ಅಪ್ಪಾ!"

"ಸಾಯ್ಲಿ!"

ಅಪ್ಪನ ಕೈ ಕಚ್ಚಿದೆ. ಬಾಯಿಗೆ ರಕ್ತ ಬಂತು. ಅಡ್ಡ ಬಂದ ತುಮಿಯ ಮುಖಕ್ಕೆ ಕೊಳ್ಳಿ ಹಿಡಿದೆ. ಎಂಟೂ ಚುಕ್ಕೆಯನ್ನು ಉಗುರಲ್ಲಿ ಕೆರೆದು, ನೀರು ಸುರಿದು ತೊಳೆದೆ. ನನ್ನ ಮದುವೆಯನ್ನು ನಾನೇ ಕೆಡಿಸಿದೆ ಎಂದು ಗೊತ್ತಿತ್ತು. ಅಳುತ್ತಲೇ ತೊಳೆದೆ.

ಎಷ್ಟೋ ಹೊತ್ತಿಗೆ ಅವನ ಉಸಿರು ನೆಟ್ಟಗಾಯಿತು.

"ತೊಳೆದ್ಯಾ?" ಊದಿದ ತುಟಿಯಲ್ಲಿ ತೊದಲಿದ.

"ಹೂಂ. ನಂಗೆ ನೀನು ಬೇಕಿತ್ತು."

"ಮಾವ ಇನ್ನು ನಿನ್ನ ಕೊಡಲ್ಲ."

"ಕೊಡೋದು ಯಾರಿಗೆ ಬೇಕು? ನಾನೇ ಬರ್ತೀನಿ."

"ಬೇಟೆ ಬರದೋನ ಜತೆ ಬಂದು ಏನ್ ತಿಂತೀಯೇ?"

ಅವನ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡೆ. ಅಪ್ಪನಿಗೆ ಕೇಳುವಷ್ಟು ಜೋರಾಗಿಯೇ ಹೇಳಿದೆ: "ನಂಗೆ ಮೀನು ಹಿಡಿಯೋಕೆ ಬರುತ್ತೆ. ಏಳು."