ಭಾವನ ದೋಣಿಯ ಬೆನ್ನು ಹತ್ತಿ

"ಇನ್ನೊಂದು ಹೆಜ್ಜೆ ಇಟ್ರೆ ಬಿಡ್ತೀನಿ!"

ಮೀನು ಹೊಡೆಯುವ ಗನ್ ಅದು. ತುದಿಯಲ್ಲಿ ಉಕ್ಕಿನ ಈಟಿ. ಆ ಈಟಿ ನೇರ ನನ್ನ ಎದೆಯನ್ನೇ ನೋಡುತ್ತಿತ್ತು!

ನಿಂತೆ.

ಬೇರೆ ಯಾವನಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಅವನ ಮಣಿಕಟ್ಟು ಮುರಿದಿರುತ್ತಿತ್ತು. ಆದರೆ ಎದುರಿಗಿದ್ದವನು ನನ್ನ ಭಾವ. ಅಕ್ಕನ ಗಂಡ. ಹೈಸ್ಕೂಲಿನ ಗಣಿತದ ಮೇಷ್ಟ್ರು. ಜಿರಲೆಯನ್ನೂ ಕಾಗದದಲ್ಲಿ ಎತ್ತಿ ಕಿಟಕಿಯಾಚೆ ಬಿಡುವ ಆಸಾಮಿ!

"ಭಾವ, ಅದನ್ನ ಕೆಳಗಿಡಿ. ಮಕ್ಕಳನ್ನ ಕರ್ಕೊಂಡು ಹೋಗೋಕೆ ಅಕ್ಕ ಕಳಿಸಿದಾಳೆ... ಅಷ್ಟೇ."

"ರಜ ಇನ್ನೂ ಮುಗಿದಿಲ್ಲ ಅಂತ ಹೇಳು ಅವಳಿಗೆ!"

"ಸ್ಕೂಲು ಶುರುವಾಗಿ ವಾರ ಆಯ್ತು ಭಾವ."

ಅವನು ದೋಣಿ ನಿಲ್ಲಿಸುವ ಹಲಗೆಯ ಕಟ್ಟೆಯ ಮೇಲೆ ಹಿಂದೆ ಹಿಂದೆ ಸರಿದ. ಗಡ್ಡ ಬೆಳೆದಿತ್ತು. ಕೈತುಂಬ ಗಾಯ. ಹಿಂದೆ ಕಟ್ಟಿದ್ದ ದೋಣಿಯಲ್ಲಿ ಅಕ್ಕನ ಮಗಳು ಗುಬ್ಬಿ ಕೂತಿದ್ದಳು. ನನ್ನನ್ನು ಕಂಡರೆ 'ಮಾವಾ' ಎಂದು ಹೆಗಲೇರುವ ಹುಡುಗಿ... ತಲೆಯೇ ಎತ್ತಲಿಲ್ಲ!

ನಾನು ಪ್ರೈವೇಟ್ ಡಿಟೆಕ್ಟಿವ್. ಓಡಿಹೋದವರನ್ನು ಹುಡುಕುವುದೇ ನನ್ನ ಹೊಟ್ಟೆಪಾಡು. ಅಕ್ಕ-ಭಾವ ಬೇರೆಯಾಗಿ ವರ್ಷವಾಗಿತ್ತು. ರಜದಲ್ಲಿ ಮಕ್ಕಳು ಅವನ ಜೊತೆ ಎಂದು ಒಪ್ಪಂದ. ಹೆಸರೇ ಕೇಳದ ಈ ದ್ವೀಪಕ್ಕೆ ಕರೆದುಕೊಂಡು ಬಂದಿದ್ದ. ಒಂದೇ ಒಂದು ಗೆಸ್ಟ್ ಹೌಸ್. ಬಿಳಿ ಮರಳು, ತೆಂಗಿನ ಮರ, ಕನ್ನಡಿಯಂಥ ನೀರು. ಆಮೇಲೆ ಅವನ ಫೋನು ಸ್ವಿಚ್ ಆಫ್!

ಅಕ್ಕ ನನ್ನ ಆಫೀಸಿಗೆ ನುಗ್ಗಿ ಟೇಬಲ್ ಗುದ್ದಿದ್ದಳು. "ನನ್ನ ಮಕ್ಕಳನ್ನ ಕದ್ದಿದಾನೆ ಕಣೋ!"

ನಾನೂ ಹಾಗೇ ನಂಬಿದೆ. ಗೆಸ್ಟ್ ಹೌಸಿನ ಯಜಮಾನಿ ಬಾಯಿ ಬಿಡುವವರೆಗೆ.

"ಚಿಕ್ಕವನು ಅವರಮ್ಮನ ಹತ್ರ ಹೊರಟುಹೋದ ಅಂದ್ರಲ್ಲ ಅವರಪ್ಪ?"

ಅಕ್ಕ ಈ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ!

"ಭಾವ... ಬುಗುರಿ ಎಲ್ಲಿ?" ಎಂದೆ. ಒಂದು ಕಡೆ ನಿಲ್ಲದ ಐದು ವರ್ಷದ ಪೋರ. ಅದಕ್ಕೇ ಆ ಹೆಸರು.

ಅವನ ಮುಖ ಬಿಳಿಚಿಕೊಂಡಿತು. ಮರುಕ್ಷಣ ದೋಣಿಗೆ ಹಾರಿದ. ಹಗ್ಗ ಬಿಚ್ಚಿದ. ಎಂಜಿನ್ ಗುಡುಗಿತು!

ನನ್ನನ್ನು ಕರೆತಂದ ಬೋಟಿನವನು ಪಕ್ಕದಲ್ಲೇ ಬನ್ನು ತಿನ್ನುತ್ತಿದ್ದ.

"ನಡಿ! ಅವನ ಹಿಂದೆ!"

"ಆ ಕಡೆ ಹವಳದ ಬಂಡೆ ಸಾರ್! ತಳ ಕಿತ್ತುಹೋಗುತ್ತೆ!"

"ಅದರಲ್ಲಿ ಮಗು ಇದೆ ಕಣಯ್ಯಾ!"

ಬನ್ನು ನೀರಿಗೆ ಬಿತ್ತು. ಅವನು ಎಂಜಿನ್ ಎಳೆದ.

ಅಲೆಗಳು ಬೋಟನ್ನು ಎತ್ತಿ ಎತ್ತಿ ಒಗೆದವು. ಉಪ್ಪುನೀರು ಕಣ್ಣಿಗೆ ರಾಚಿತು. ಒಮ್ಮೆ ತಳ ಕರಕರ ಎಂದಿತು! ಭಾವ ದಾರಿ ಬಾಯಿಪಾಠ ಬಂದವನಂತೆ ಬಂಡೆಗಳ ನಡುವೆ ನುಸುಳುತ್ತಿದ್ದ.

ಇದ್ದಕ್ಕಿದ್ದಂತೆ ಎಂಜಿನ್ ನಿಲ್ಲಿಸಿದ. ನಡು ನೀರಿನಲ್ಲಿ!

ನಾನು ಅವನ ದೋಣಿಗೆ ಜಿಗಿದೆ. ಗನ್ ಸಿಡಿಯಿತು. ಈಟಿ ನನ್ನ ತೋಳು ಸವರಿ ಹೋಯಿತು. ನನ್ನ ಮುಷ್ಟಿ ಅವನ ದವಡೆಗೆ ಅಪ್ಪಳಿಸಿತು. ಬಿದ್ದ. ಕೊರಳಪಟ್ಟಿ ಹಿಡಿದು ಮತ್ತೆ ಕೈ ಎತ್ತಿದೆ...

ಗುಬ್ಬಿ ನನ್ನ ಕೈಗೆ ಜೋತುಬಿದ್ದಳು.

"ಹೊಡೀಬೇಡಿ ಮಾವ! ಅಪ್ಪ ಬುಗುರೀನ ಹುಡುಕ್ತಾ ಇದಾರೆ!"

"ಎಲ್ಲಿ?"

ಅವಳು ನೀರಿನ ಕಡೆ ಬೆರಳು ಮಾಡಿದಳು.

ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

"ಲೈಫ್ ಜಾಕೆಟ್ ಚುಚ್ಚುತ್ತೆ ಅಪ್ಪ ಅಂದ..." ಭಾವ ಆಕಾಶ ನೋಡುತ್ತ ಮಲಗಿದ್ದ. ತುಟಿಯಿಂದ ರಕ್ತ ಇಳಿಯುತ್ತಿತ್ತು. "ಬಿಚ್ಚಿದೆ. ಎರಡೇ ನಿಮಿಷ ಅಂತ. ಗುಬ್ಬಿಗೆ ಆಮೆ ತೋರಿಸ್ತಿದ್ದೆ. ತಿರುಗಿ ನೋಡಿದ್ರೆ... ಇಲ್ಲ."

"ಯಾರಿಗೂ ಯಾಕೆ ಹೇಳಲಿಲ್ಲ ಭಾವ?"

"ಹೇಳಿಬಿಟ್ರೆ ನಿಜ ಆಗುತ್ತಲ್ಲೋ! ಹುಡುಕಿ ಕೊಟ್ಟೇ ಅವಳಿಗೆ ಮುಖ ತೋರಿಸೋಣ ಅಂತ... ದಿನಾ ಮುಳುಗ್ತೀನಿ. ಇಲ್ಲೇ ಎಲ್ಲೋ ಇದಾನೆ."

ಗುಬ್ಬಿ ಮೆಲ್ಲಗೆ ಹೇಳಿದಳು. "ನಾನು ಯಾರಿಗೂ ಹೇಳಿಲ್ಲ ಮಾವ. ಪ್ರಾಮಿಸ್ ಮಾಡಿದ್ದೆ."

ಎಂಟು ವರ್ಷದ ಮಗು. ಇಷ್ಟು ದಿನ ಆ ಗುಟ್ಟನ್ನು ಒಬ್ಬಳೇ ಹೊತ್ತಿದ್ದಳು! ನಾನು ಅವಳನ್ನು ಎದೆಗೆ ಒತ್ತಿಕೊಂಡೆ. ಆಗ ಅತ್ತಳು.

ಗೆಸ್ಟ್ ಹೌಸಿನಿಂದ ಅಕ್ಕನಿಗೆ ಫೋನ್ ಮಾಡಿದೆ. ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಲಿಲ್ಲ.

"ಬುಗುರಿಗೆ ತಣ್ಣೀರು ಆಗಿಬರಲ್ಲ ಕಣೋ..." ಎಂದಳು.

ಮುಳುಗಿ ಹುಡುಕುವ ಡೈವರುಗಳು ಬಂದರು. ಇಳಿದರು, ಎದ್ದರು. ಬಂಡೆಗಳಾಚೆಯ ಸೆಳೆತ ಸಿಕ್ಕಿದ್ದನ್ನೆಲ್ಲ ಹೊರಗಡಲಿಗೆ ಒಯ್ಯುತ್ತದೆ ಎಂದು ಹೇಳಿ, ನಮ್ಮ ಮುಖ ನೋಡದೆ ಹೊರಟುಹೋದರು. ಪೊಲೀಸರು ಭಾವನನ್ನು ಕೇಳಬೇಕಾದ್ದು ಕೇಳಿದರು. ಅವನು ಎಲ್ಲಕ್ಕೂ ಒಂದೇ ಉತ್ತರ ಕೊಟ್ಟ. "ಬಿಚ್ಚಿದ್ದು ನಾನೇ."

ಮಾರನೆಯ ದಿನ ಅಕ್ಕ ಬಂದಳು. ಗೆಸ್ಟ್ ಹೌಸಿನ ಮೆಟ್ಟಿಲ ಮೇಲೆ ಕೂತಿದ್ದ ಭಾವ ಎದ್ದು ನಿಂತ. ಹೊಡೆತಕ್ಕೆ ಕಾಯುವ ಹುಡುಗನ ಹಾಗೆ. ನಾನು ನಡುವೆ ಹೋದೆ.

"ಸರಿಯೋ ಆ ಕಡೆ," ಎಂದಳು.

ಸರಿದೆ.

ಹೊಡೆದಳು. ಒಂದು. ಎರಡು. ಮೂರನೆಯದಕ್ಕೆ ಎತ್ತಿದ ಕೈ ಅವನು ಅಡ್ಡ ಹಿಡಿದ ಅಂಗೈಗಳ ಮೇಲೆ ಬಿತ್ತು. ಹವಳ ಕೊಯ್ದು ಕೊಯ್ದು ಹುಣ್ಣಾಗಿ ಕೀವು ಕಟ್ಟಿದ್ದ ಅಂಗೈಗಳು. ಅವನ್ನೇ ನೋಡುತ್ತ ನಿಂತಳು.

"ಬಿಸಿನೀರು ತಗೊಂಡ್ ಬಾ," ಎಂದಳು ನನಗೆ.

ತಂದುಕೊಟ್ಟೆ. ಅವಳು ಮೆಟ್ಟಿಲ ಮೇಲೆ ಕೂತು ಅವನ ಕೈ ತೊಳೆದಳು. "ಹಾಳಾಗಿ ಹೋಗು... ಹಾಳಾಗಿ ಹೋಗು ನೀನು..." ಎನ್ನುತ್ತಲೇ ಒಂದೊಂದೇ ಬೆರಳಿಗೆ ಬಟ್ಟೆ ಸುತ್ತಿದಳು. ಆಮೇಲೆ ಇಬ್ಬರೂ ಅತ್ತ ಆ ಅಳು... ಬೇಡ, ನಿಮಗೆ ಅದನ್ನು ಹೇಳುವುದಿಲ್ಲ.

ಗುಬ್ಬಿಯ ಕೈ ಹಿಡಿದು ಕಟ್ಟೆಯ ಕಡೆ ನಡೆದೆ. ಹೊಸ ಬೋಟೊಂದು ಬಂದು ನಿಂತಿತು. ಗಂಡ, ಹೆಂಡತಿ, ಟೋಪಿ ಹಾಕಿದ ಇಬ್ಬರು ಮಕ್ಕಳು. ಸೂಟ್‌ಕೇಸ್ ಇಳಿಸುತ್ತ ಗಂಡ ಹಲ್ಲು ಬಿಟ್ಟ.

"ತುಂಬಾ ಶಾಂತವಾದ ಜಾಗ ಅಂದ್ರು. ನಿಜಾನಾ ಸಾರ್?"

"ನಿಜ," ಎಂದೆ. "ಎಷ್ಟು ಕೂಗಿದ್ರೂ ಯಾರಿಗೂ ಕೇಳಿಸಲ್ಲ."